‘ಬೇಕು’ ಎಂಬ ಒಂದೇ ಪದದಲ್ಲಿ ಕರಗಿಹೋಗುವ ಹವಾಮಾನ ಕಾನೂನು

ಸಂಪಾದಕರಿಗೆ,

ಮಾನ್ಯರೇ,

ಹವಾಮಾನ ಬದಲಾವಣೆ ವಿಚಾರದಲ್ಲಿ ದೇಶಗಳ ಹೊಣೆ ಏನು ಎಂಬ ಬಗ್ಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಸಲಹಾ ಅಭಿಪ್ರಾಯ ನೀಡಿತು. ಕನ್ನಡದ ಬರಹಗಳಲ್ಲಿ, ಭಾಷಣಗಳಲ್ಲಿ, ಕಾನೂನು ವಿದ್ಯಾರ್ಥಿಗಳ ಉತ್ತರಗಳಲ್ಲಿ ಅದನ್ನು ಈಗಲೂ ‘ತೀರ್ಪು’ ಎನ್ನಲಾಗುತ್ತಿದೆ. ‘ದೇಶಗಳಿಗೆ ನ್ಯಾಯಾಲಯ ಆದೇಶಿಸಿದೆ’ ಎಂಬ ಮಾತೂ ಕೇಳಿಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ‘ಬರೀ ಸಲಹೆ ತಾನೇ, ಅದಕ್ಕೇನು ಬೆಲೆ’ ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡು ಗ್ರಹಿಕೆಯೂ ತಪ್ಪು. ಎರಡಕ್ಕೂ ಕಾರಣ ಒಂದೇ: ಈ ಕಾನೂನಿನಲ್ಲಿ ಯಾವ ದಾಖಲೆಗೆ ಎಷ್ಟು ತೂಕ, ಯಾವ ಕ್ರಿಯಾಪದಕ್ಕೆ ಎಷ್ಟು ಬಲ ಎಂಬುದನ್ನು ನಾವು ಅಳೆದು ನೋಡುತ್ತಿಲ್ಲ. ಹವಾಮಾನ ಕಾನೂನು ಓದಹೊರಟ ವಿದ್ಯಾರ್ಥಿಗಳಿಗೂ ಅದನ್ನು ವರದಿ ಮಾಡುವ ನಿಮ್ಮ ಬಳಗಕ್ಕೂ ಪ್ರಯೋಜನವಾದೀತೆಂದು ಈ ಪತ್ರ. ತುಸು ಉದ್ದವಾಗಿದೆ, ಕ್ಷಮೆ ಇರಲಿ.

ಮೊದಲ ತೊಡಕು ನಮ್ಮ ಭಾಷೆಯಲ್ಲೇ ಇದೆ. ಇಂಗ್ಲಿಷ್ ಪಠ್ಯದ ‘ಶಲ್’ ಮತ್ತು ‘ಶುಡ್’ ಎರಡನ್ನೂ ನಾವು ‘ಬೇಕು’ ಎಂದೇ ಕನ್ನಡಿಸುತ್ತೇವೆ. ‘ಮುಂದುವರಿದ ದೇಶಗಳು ಹೊರಸೂಸುವಿಕೆ ತಗ್ಗಿಸಬೇಕು’ ಎಂದು ಬರೆದರೆ ಅದು ಕಟ್ಟುಪಾಡೋ, ನಿರೀಕ್ಷೆಯೋ ತಿಳಿಯುವುದಿಲ್ಲ. ಒಡಂಬಡಿಕೆಯ ಭಾಷೆಯಲ್ಲಿ ಮೊದಲನೆಯದು ಕಾನೂನಿನ ಹೊಣೆ, ಎರಡನೆಯದು ಬಲವಾದ ಅಪೇಕ್ಷೆ ಮಾತ್ರ. ಹಾಗೆ ನೋಡಿದರೆ ಕನ್ನಡಕ್ಕೆ ಪದದ ಬಡತನವಿಲ್ಲ. ನಮ್ಮ ರಾಜ್ಯದ ಅಧಿನಿಯಮಗಳ ಕನ್ನಡ ಪಾಠ ತೆರೆದರೆ ‘ಶಲ್’ ಇದ್ದಲ್ಲೆಲ್ಲ ‘ತಕ್ಕದ್ದು’ ಸಿಗುತ್ತದೆ: ‘ಸಲ್ಲಿಸತಕ್ಕದ್ದು’, ‘ಪ್ರಕಟಿಸತಕ್ಕದ್ದು’. ‘ಮೇ’ ಇದ್ದಲ್ಲಿ ‘ಬಹುದು’. ‘ಶುಡ್’ಗೆ ‘ಮಾಡುವುದು ಉಚಿತ’ ಎಂದೋ ‘ಮಾಡುವುದು ಅಪೇಕ್ಷಣೀಯ’ ಎಂದೋ ಹಾಕಿಕೊಂಡರೆ ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆ. ‘ತಕ್ಕದ್ದು’ ಕಚೇರಿಯ ವಾಸನೆಯ ಪದ, ನಿಜ. ಆದರೆ ಇಲ್ಲಿ ಬೇಕಿರುವುದು ಆ ಕಚೇರಿಯ ಖಚಿತತೆಯೇ.

ಒಂದು ಪದದಿಂದ ಏನಾಗುತ್ತದೆ ಎನ್ನುವವರು ಪ್ಯಾರಿಸ್ ಹೊರವಲಯದ ಲೆ ಬೂರ್ಜೆಯಲ್ಲಿ 2015ರ ಡಿಸೆಂಬರ್ 12ರಂದು ನಡೆದದ್ದನ್ನು ನೋಡಬೇಕು. ಪ್ಯಾರಿಸ್ ಒಪ್ಪಂದದ ಅಂತಿಮ ಕರಡು ಪ್ರತಿನಿಧಿಗಳ ಕೈಗೆ ಬಂದಾಗ 4ನೇ ವಿಧಿಯ 4ನೇ ಖಂಡದಲ್ಲಿ, ಮುಂದುವರಿದ ದೇಶಗಳು ಇಡೀ ಅರ್ಥವ್ಯವಸ್ಥೆಗೆ ಅನ್ವಯಿಸುವ ಕಡಿತದ ಗುರಿ ಹಾಕಿಕೊಂಡು ಮುಂದಾಳತ್ವ ವಹಿಸುವ ವಾಕ್ಯದಲ್ಲಿ, ‘ಶಲ್’ ಇತ್ತು. ಹಿಂದಿನ ಕರಡುಗಳಲ್ಲಿ ಅಲ್ಲಿ ‘ಶುಡ್’ ಇತ್ತು. ‘ಶಲ್’ ಉಳಿದರೆ ಹೊಸ ಕಾನೂನುಬದ್ಧ ಗುರಿಯೊಂದು ಹೇರಿದಂತಾಗಿ, ಅಮೆರಿಕದಲ್ಲಿ ಅದನ್ನು ಸೆನೆಟ್‌ನ ಮುಂದೆ ಒಯ್ಯಬೇಕಾಗುತ್ತಿತ್ತು. ಅಲ್ಲಿ ಅದು ಪಾಸಾಗುವ ಹಾಗಿರಲಿಲ್ಲ. ಕೊನೆಯ ಸಭೆ ತಡವಾಯಿತು. ಆಮೇಲೆ ಸಚಿವಾಲಯದವರು ಕಣ್ತಪ್ಪಿನ ತಿದ್ದುಪಡಿಗಳ ಪಟ್ಟಿ ಓದುತ್ತ, ಅಲ್ಪವಿರಾಮದಂಥ ಬದಲಾವಣೆಗಳ ನಡುವೆ ‘ಶಲ್’ ಹೋಗಿ ‘ಶುಡ್’ ಆದ ಬದಲಾವಣೆಯನ್ನೂ ಓದಿ ಮುಗಿಸಿದರು. ಸಮ್ಮೇಳನದ ಅಧ್ಯಕ್ಷ ಲೊರಾಂ ಫ್ಯಾಬಿಯಸ್ ಸುತ್ತಿಗೆ ಕುಟ್ಟಿದರು. ಇವತ್ತು ಆ ವಾಕ್ಯದಲ್ಲಿ ಇರುವುದು ‘ಶುಡ್’. ಫ್ರೆಂಚ್ ಪಾಠದಲ್ಲೂ ಅದಕ್ಕೆ ಹೊಂದುವ ಮೆದು ರೂಪವೇ ಇದೆ. ಒಪ್ಪಂದದ ಆರು ಭಾಷೆಗಳ ಪಾಠಗಳೂ ಸಮಾನ ಅಧಿಕೃತ. ಆದ್ದರಿಂದ ಒಂದು ಪದದ ಬಗ್ಗೆ ಅನುಮಾನ ಬಂದಾಗ ಇನ್ನೊಂದು ಭಾಷೆಯ ಪಾಠ ತೆರೆದು ನೋಡುವುದು ಒಳ್ಳೆಯ ಅಭ್ಯಾಸ.

ಓದುವ ಕ್ರಮ ಹೇಳುತ್ತೇನೆ. 1992ರ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಚೌಕಟ್ಟು ಒಡಂಬಡಿಕೆ ಇರುವುದು 26 ವಿಧಿಗಳಲ್ಲಿ, ಪ್ಯಾರಿಸ್ ಒಪ್ಪಂದ 29 ವಿಧಿಗಳಲ್ಲಿ. ಎರಡನ್ನೂ ಮೂಲದಲ್ಲಿ ಓದಲು ಎರಡು ದಿನ ಸಾಕು. ಗೈಡ್‌ಗಳ ಸಾರಾಂಶ ಆಮೇಲೆ. ಓದುವಾಗ ಪ್ರತಿ ವಾಕ್ಯದಲ್ಲಿ ನಾಲ್ಕನ್ನು ಗುರುತು ಹಾಕಿಕೊಳ್ಳಬೇಕು: ಹೊಣೆ ಯಾರದು, ಕ್ರಿಯಾಪದ ಯಾವುದು, ಮಾಡಬೇಕಾದ ಕೆಲಸ ಏನು, ಅದಕ್ಕೆ ಅಂಟಿಕೊಂಡ ಷರತ್ತು ಏನು. ಚೌಕಟ್ಟು ಒಡಂಬಡಿಕೆಯ 4ನೇ ವಿಧಿಯಲ್ಲೇ ಈ ವ್ಯತ್ಯಾಸ ಢಾಳಾಗಿ ಕಾಣುತ್ತದೆ. 1ನೇ ಖಂಡದ ಹೊಣೆ ಎಲ್ಲ ದೇಶಗಳದು, 2ನೇ ಖಂಡದ್ದು ಅನುಬಂಧ 1ರಲ್ಲಿರುವ ದೇಶಗಳದು (ಮುಂದುವರಿದ ದೇಶಗಳು ಮತ್ತು ಮಾರುಕಟ್ಟೆ ಅರ್ಥವ್ಯವಸ್ಥೆಗೆ ಹೊರಳುತ್ತಿದ್ದ ದೇಶಗಳು), 3ನೇ ಖಂಡದ ಹಣಕಾಸಿನ ಹೊಣೆ ಅನುಬಂಧ 2ರ ದೇಶಗಳದು, ಅಂದರೆ ಮುಂದುವರಿದ ದೇಶಗಳದು ಮಾತ್ರ. ‘ಎಲ್ಲರಿಗೂ ಸೇರಿದ, ಆದರೆ ಭಿನ್ನವಾದ ಹೊಣೆಗಾರಿಕೆ’ ಎಂದು ನಾವು ಘೋಷಣೆಯಂತೆ ಹೇಳುವ ತತ್ವ 3ನೇ ವಿಧಿಯಲ್ಲಿ ತತ್ವವಾಗಿ ಇದೆ, 4ನೇ ವಿಧಿಯಲ್ಲಿ ಯಂತ್ರವಾಗಿ ಕೆಲಸ ಮಾಡುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನವರು 3ನ್ನು ಉದ್ಧರಿಸಿ 4ನ್ನು ಮರೆಯುತ್ತಾರೆ. 1997ರ ಕ್ಯೋಟೊ ಪ್ರೋಟೊಕಾಲ್ ಈ ಯಂತ್ರಕ್ಕೆ ಕಡಿತದ ಅಂಕಿ ಜೋಡಿಸಿತು, 2008ರಿಂದ 2012ರ ಅವಧಿಗೆ. ಇವತ್ತಿನ ಕೆಲಸಕ್ಕೆ ಅದನ್ನು ಇತಿಹಾಸವಾಗಿ ತಿಳಿದಿದ್ದರೆ ಸಾಕು.

ಈಗ ಪ್ಯಾರಿಸ್ ಒಪ್ಪಂದದ 4ನೇ ವಿಧಿಯ 2ನೇ ಖಂಡ. ಇಡೀ ಒಪ್ಪಂದದ ನಡುಗಂಬ ಇದು. ಇರುವುದು ಎರಡೇ ವಾಕ್ಯ. ಮೊದಲನೆಯದರ ತಿರುಳು: ಪ್ರತಿಯೊಂದು ದೇಶವೂ ತಾನು ಸಾಧಿಸಲು ಉದ್ದೇಶಿಸಿರುವ ‘ರಾಷ್ಟ್ರೀಯವಾಗಿ ನಿರ್ಧರಿಸಿದ ಕೊಡುಗೆ’ಯನ್ನು, ಅಂದರೆ ಎನ್‌ಡಿಸಿಯನ್ನು, ಒಂದಾದ ಮೇಲೊಂದರಂತೆ ಸಿದ್ಧಪಡಿಸತಕ್ಕದ್ದು, ತಿಳಿಸತಕ್ಕದ್ದು, ಚಾಲ್ತಿಯಲ್ಲಿಡತಕ್ಕದ್ದು. ಎರಡನೆಯದು: ಆ ಕೊಡುಗೆಗಳ ಉದ್ದೇಶ ಈಡೇರಿಸುವ ಸಲುವಾಗಿ ದೇಶಗಳು ಒಳನಾಡಿನ ಕ್ರಮಗಳನ್ನು ಕೈಗೊಳ್ಳತಕ್ಕದ್ದು. ‘ತಕ್ಕದ್ದು’ ಯಾವುದಕ್ಕೆ ಅಂಟಿದೆ ನೋಡಿ. ಸಿದ್ಧಪಡಿಸುವುದಕ್ಕೆ, ತಿಳಿಸುವುದಕ್ಕೆ, ಚಾಲ್ತಿಯಲ್ಲಿಡುವುದಕ್ಕೆ, ಕ್ರಮ ಕೈಗೊಳ್ಳುವುದಕ್ಕೆ. ಗುರಿ ಮುಟ್ಟುವುದಕ್ಕೆ ಅಂಟಿಲ್ಲ. ಅಲ್ಲಿರುವುದು ‘ಸಾಧಿಸಲು ಉದ್ದೇಶಿಸಿರುವ’ ಎಂಬ ವಿಶೇಷಣ. ಆದ್ದರಿಂದ ಎನ್‌ಡಿಸಿ ಕೊಡದ ದೇಶ ಒಪ್ಪಂದ ಮುರಿದಂತೆ. ಕೊಟ್ಟು, ಪ್ರಾಮಾಣಿಕವಾಗಿ ಯತ್ನಿಸಿ, ಅಂಕಿ ಮುಟ್ಟದ ದೇಶ ಅಷ್ಟಕ್ಕೇ ಒಪ್ಪಂದ ಮುರಿದಂತಲ್ಲ. ಕಾನೂನಿನ ಪರಿಭಾಷೆಯಲ್ಲಿ ಮೊದಲನೆಯದು ಫಲಿತಾಂಶದ ಹೊಣೆ, ಎರಡನೆಯದು ನಡವಳಿಕೆಯ ಹೊಣೆ. ಆಪರೇಷನ್ ಮಾಡುವ ವೈದ್ಯರ ಹೊಣೆ ನೆನೆದುಕೊಂಡರೆ ಎರಡನೆಯದು ಸುಲಭವಾಗಿ ತಿಳಿಯುತ್ತದೆ. ರೋಗಿ ಉಳಿಯದಿದ್ದರೆ ಅಷ್ಟಕ್ಕೇ ಅವರು ತಪ್ಪಿತಸ್ಥರಲ್ಲ, ಆದರೆ ಕೈತೊಳೆಯದೆ ಆಪರೇಷನ್ ಮಾಡಿದ್ದರೆ ಉತ್ತರ ಹೇಳಲೇಬೇಕು.

‘ಯತ್ನಿಸಿದರೆ ಸಾಕು’ ಎಂಬುದನ್ನು ಕೆಲವು ದೇಶಗಳು ‘ಏನಾದರೂ ಬರೆದುಕೊಟ್ಟರೆ ಸಾಕು’ ಎಂದು ಓದಿಕೊಂಡಿದ್ದವು. ಹೇಗ್‌ನ ಅಭಿಪ್ರಾಯ ಮುಖ್ಯವಾಗುವುದು ಇಲ್ಲಿ. ಎನ್‌ಡಿಸಿಯಲ್ಲಿ ಏನು ಹಾಕಬೇಕೆಂಬ ದೇಶದ ಸ್ವಾತಂತ್ರ್ಯಕ್ಕೆ ಮಿತಿ ಇದೆ, ಪ್ರತಿ ಹೊಸ ಎನ್‌ಡಿಸಿ ಹಿಂದಿನದಕ್ಕಿಂತ ಮುಂದೆ ಹೋಗತಕ್ಕದ್ದು, ಎಲ್ಲ ದೇಶಗಳ ಎನ್‌ಡಿಸಿ ಒಟ್ಟು ಸೇರಿದಾಗ ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ತಡೆಯುವ ಶಕ್ತಿ ಅವಕ್ಕಿರತಕ್ಕದ್ದು ಎಂದು ನ್ಯಾಯಾಲಯ ಒಮ್ಮತದಿಂದ ಹೇಳಿತು. ಯತ್ನವನ್ನು ಅಳೆಯುವ ಕೋಲು ‘ಡ್ಯೂ ಡಿಲಿಜೆನ್ಸ್’, ಅಂದರೆ ತನ್ನ ಕೈಲಾದ ಎಲ್ಲ ಎಚ್ಚರ. ಅದೂ ಕಟ್ಟುನಿಟ್ಟಿನ ಮಟ್ಟದ್ದು. ದೇಶದ ಸಾಮರ್ಥ್ಯ, ಹಿಂದಿನಿಂದ ಹೊರಸೂಸಿದ ಪಾಲು, ಇವತ್ತಿನ ಪರಿಸ್ಥಿತಿ ನೋಡಿ ಆ ಕೋಲು ಉದ್ದವೋ ಗಿಡ್ಡವೋ ಆಗುತ್ತದೆ. ಕಲ್ಲಿದ್ದಲು, ತೈಲ, ಅನಿಲದ ಉತ್ಪಾದನೆ ಮತ್ತು ಬಳಕೆ, ಹೊಸ ಶೋಧನೆಗೆ ಪರವಾನಗಿ, ಅವುಗಳಿಗೆ ಸಬ್ಸಿಡಿ, ಇವುಗಳಿಂದಾಗುವ ಹೊರಸೂಸುವಿಕೆಯಿಂದ ಹವಾಮಾನ ವ್ಯವಸ್ಥೆಯನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳದ ದೇಶ ಅಂತರರಾಷ್ಟ್ರೀಯ ಕಾನೂನಿನ ಕಣ್ಣಲ್ಲಿ ತಪ್ಪೆಸಗಿದಂತೆ ಆಗಬಹುದು ಎಂದೂ ಹೇಳಿತು. ಇಲ್ಲಿನ ‘ಬಹುದು’ ಅನ್ನು ವರದಿಯಲ್ಲಿ ‘ಆಗುತ್ತದೆ’ ಮಾಡಬಾರದು.

ಆ ಅಭಿಪ್ರಾಯಕ್ಕೆ ಏನು ಬೆಲೆ? ವಿಶ್ವಸಂಸ್ಥೆಯ ಮಹಾಸಭೆ 2023ರ ಮಾರ್ಚ್ 29ರಂದು ಪ್ರಶ್ನೆ ಕಳಿಸಿತ್ತು, ಉತ್ತರ ಹೋದದ್ದೂ ಮಹಾಸಭೆಗೆ. ವಾದಿ ಇಲ್ಲ, ಪ್ರತಿವಾದಿ ಇಲ್ಲ, ಜಾರಿ ಮಾಡಬೇಕಾದ ಡಿಕ್ರಿ ಇಲ್ಲ. ಆದ್ದರಿಂದ ಅಭಿಪ್ರಾಯ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೆ ಅದು ವಿವರಿಸುವ ಕಾನೂನು ಕಟ್ಟಿಹಾಕುತ್ತದೆ, ಯಾಕೆಂದರೆ ಆ ಕಾನೂನು ಮೊದಲೇ ಇತ್ತು. ನಮ್ಮಲ್ಲಿ ರಾಷ್ಟ್ರಪತಿಗಳು ಸಂವಿಧಾನದ 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳುವುದು ಇದಕ್ಕೆ ಹತ್ತಿರದ ಹೋಲಿಕೆ. ಕಾವೇರಿ ವಿಚಾರದಲ್ಲಿ 1991ರಲ್ಲಿ ಬಂದ ಅಭಿಪ್ರಾಯ ಕರ್ನಾಟಕಕ್ಕೆ ಚೆನ್ನಾಗಿ ನೆನಪಿದೆ. ಅದರ ಮಾತನ್ನು ‘ಬರೀ ಸಲಹೆ’ ಎಂದು ಆಗ ಪಕ್ಕಕ್ಕಿಡಲಾಗಿರಲಿಲ್ಲ.

ಹೇಗ್‌ನ ಪ್ರಶ್ನೆ ಹುಟ್ಟಿದ್ದು ತರಗತಿಯಲ್ಲಿ ಎಂಬುದನ್ನು ಕಾನೂನು ವಿದ್ಯಾರ್ಥಿಗಳಿಗೆ ನೆನಪಿಸಲೇಬೇಕು. 2019ರಲ್ಲಿ ಪೆಸಿಫಿಕ್ ದ್ವೀಪದೇಶ ವನುವಾಟುವಿನಲ್ಲಿರುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳು ಇದನ್ನು ಎತ್ತಿಕೊಂಡರು. ವನುವಾಟು ಸರ್ಕಾರ ಅದನ್ನು ನ್ಯೂಯಾರ್ಕಿನ ಮಹಾಸಭೆಗೆ ಒಯ್ದಿತು. 2024ರ ಡಿಸೆಂಬರಿನ ವಿಚಾರಣೆಯಲ್ಲಿ 96 ದೇಶಗಳು, 11 ಅಂತರರಾಷ್ಟ್ರೀಯ ಸಂಸ್ಥೆಗಳು ಮಾತಾಡಿದವು. ಭಾರತವೂ ಮಾತಾಡಿತು, ಹವಾಮಾನ ಒಡಂಬಡಿಕೆಗಳಲ್ಲಿ ಈಗಾಗಲೇ ಇರುವ ಹೊಣೆಗಳನ್ನು ಮೀರಿ ಹೊಸ ಹೊಣೆ ಹೊರಿಸಬಾರದು ಎಂಬುದು ನಮ್ಮ ನಿಲುವಾಗಿತ್ತು. ಹವಾಮಾನಕ್ಕೆ ಹವಾಮಾನ ಒಡಂಬಡಿಕೆಗಳಷ್ಟೇ ಅನ್ವಯ, ಉಳಿದ ಕಾನೂನು ಪಕ್ಕಕ್ಕೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ನೆರೆಯವರಿಗೆ ಗಣನೀಯ ಹಾನಿಯಾಗದಂತೆ ನೋಡಿಕೊಳ್ಳುವ ರೂಢಿಗತ ಕಾನೂನು (ಅಂದರೆ ದೇಶಗಳು ಕಾನೂನೆಂದೇ ಒಪ್ಪಿ ಪಾಲಿಸುತ್ತ ಬಂದ ರೂಢಿ), ಸಮುದ್ರ ಕಾನೂನು, ಮಾನವ ಹಕ್ಕುಗಳ ಕಾನೂನು ಎಲ್ಲವೂ ಜೊತೆಜೊತೆಗೆ ಅನ್ವಯಿಸುತ್ತವೆ ಎಂದಿತು. ಇದರ ಪರಿಣಾಮ ದೊಡ್ಡದು. ಪ್ಯಾರಿಸ್ ಒಪ್ಪಂದದಿಂದ ಹೊರನಡೆದ ದೇಶಕ್ಕೂ ರೂಢಿಗತ ಕಾನೂನಿನ ಹೊಣೆ ತಪ್ಪುವುದಿಲ್ಲ. ಸಮುದ್ರ ಕಾನೂನಿನ ನ್ಯಾಯಮಂಡಳಿ 2024ರ ಮೇ 21ರಂದು ಕೊಟ್ಟ ಅಭಿಪ್ರಾಯವನ್ನೂ ಇದರ ಜೊತೆಗೇ ಓದಬೇಕು. ಮನುಷ್ಯರು ಗಾಳಿಗೆ ಬಿಡುವ ಹಸಿರುಮನೆ ಅನಿಲಗಳು ಸಮುದ್ರ ಕಾನೂನು ಒಡಂಬಡಿಕೆಯ ಅರ್ಥದಲ್ಲಿ ‘ಸಮುದ್ರ ಪರಿಸರದ ಮಾಲಿನ್ಯ’ವೇ ಎಂದು ಅದು ಹೇಳಿದೆ, ಭಾರತ ಆ ಒಡಂಬಡಿಕೆಯ ಸದಸ್ಯ.

ಪರಿಹಾರದ ವಿಚಾರದಲ್ಲಂತೂ ಹಲವು ದಾಖಲೆಗಳನ್ನು ಒಟ್ಟಿಗೆ ಹರಡಿಕೊಂಡು ಕೂರದಿದ್ದರೆ ದಾರಿ ತಪ್ಪುತ್ತದೆ. ಪ್ಯಾರಿಸ್ ಒಪ್ಪಂದದ 8ನೇ ವಿಧಿ ಹವಾಮಾನ ಬದಲಾವಣೆಯಿಂದಾಗುವ ‘ನಷ್ಟ ಮತ್ತು ಹಾನಿ’ಯ ಬಗ್ಗೆ ಇದೆ. ಒಪ್ಪಂದವನ್ನು ಅಂಗೀಕರಿಸಿದ ನಿರ್ಣಯದ 51ನೇ ಪ್ಯಾರಾ, ಆ ವಿಧಿಯು ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರವಾಗದು ಎನ್ನುತ್ತದೆ. ಅಷ್ಟು ಓದಿ ನಿಲ್ಲಿಸಿದವರು ‘ಪರಿಹಾರ ಕೇಳುವಂತಿಲ್ಲ’ ಎಂದು ಬರೆಯುತ್ತಾರೆ. ಮುಚ್ಚಿದ್ದು 8ನೇ ವಿಧಿಯ ಬಾಗಿಲು ಮಾತ್ರ. ಒಪ್ಪಂದ ಒಪ್ಪಿಕೊಳ್ಳುವಾಗಲೇ ಪೆಸಿಫಿಕ್‌ನ ಹಲವು ದ್ವೀಪದೇಶಗಳು, ದೇಶಗಳ ಹೊಣೆಗಾರಿಕೆಯ ಸಾಮಾನ್ಯ ಕಾನೂನಿನಡಿ ತಮಗಿರುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ ಎಂದು ಘೋಷಣೆ ದಾಖಲಿಸಿವೆ. ಈಗ ಹೇಗ್‌ನ ಅಭಿಪ್ರಾಯವೂ ಆ ಸಾಮಾನ್ಯ ಕಾನೂನು ಅನ್ವಯಿಸುತ್ತದೆ ಎಂದಿದೆ. ಆದರೆ ಪರಿಹಾರ ಕೇಳುವ ದೇಶ ತಪ್ಪಿಗೂ ಹಾನಿಗೂ ನಡುವೆ ಸಾಕಷ್ಟು ನೇರವಾದ, ಖಚಿತವಾದ ಕಾರಣಸಂಬಂಧ ತೋರಿಸಬೇಕು. ಮುಂದಿನ ಹತ್ತು ವರ್ಷ ವಕೀಲರೂ ವಿಜ್ಞಾನಿಗಳೂ ಒಟ್ಟಿಗೆ ಕೂತು ಕೆಲಸ ಮಾಡಬೇಕಾದ ಜಾಗ ಇದು. ಹವಾಮಾನ ಕಾನೂನಿನಲ್ಲಿ ಮುಂದುವರಿಯಬೇಕೆನ್ನುವ ವಿದ್ಯಾರ್ಥಿ ಒಂದಿಷ್ಟು ಅಂಕಿಅಂಶ ವಿಜ್ಞಾನವನ್ನೂ ಕಲಿಯುವುದು ಒಳ್ಳೆಯದು.

ಒಪ್ಪಂದದಾಚೆ ಇರುವ ದಾಖಲೆಗಳೆಂದರೆ ಪ್ರತಿ ವರ್ಷದ ಸಮ್ಮೇಳನದ ನಿರ್ಣಯಗಳು. ಇವುಗಳ ಸಂಖ್ಯೆ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ‘1/ಸಿಪಿ.21’ ಎಂದರೆ ಚೌಕಟ್ಟು ಒಡಂಬಡಿಕೆಯ 21ನೇ ಸಮ್ಮೇಳನದ 1ನೇ ನಿರ್ಣಯ. ‘4/ಸಿಎಂಎ.1’ ಎಂದರೆ ಪ್ಯಾರಿಸ್ ಒಪ್ಪಂದದ ಸದಸ್ಯರ 1ನೇ ಸಭೆಯ 4ನೇ ನಿರ್ಣಯ. ಎನ್‌ಡಿಸಿಯಲ್ಲಿ ಯಾವ ಮಾಹಿತಿ ಇರಬೇಕೆಂಬುದು ಅದರಲ್ಲಿದೆ. ವರದಿ ಮಾಡುವ ವಿಧಾನ 18/ಸಿಎಂಎ.1ರಲ್ಲಿ, ದೇಶಗಳು ಒಪ್ಪಂದ ಪಾಲಿಸುತ್ತಿವೆಯೇ ಎಂದು ನೋಡುವ ಪಾಲನಾ ಸಮಿತಿಯ ನಿಯಮ 20/ಸಿಎಂಎ.1ರಲ್ಲಿ, ದೇಶದೇಶಗಳ ನಡುವಿನ ಕಾರ್ಬನ್ ವಹಿವಾಟಿನ ನಿಯಮ 2/ಸಿಎಂಎ.3ರಲ್ಲಿ. ಸಮ್ಮೇಳನದ ವರದಿ ಹುಡುಕುವಾಗ ಮೊದಲ ಭಾಗದಲ್ಲಿ ನಡಾವಳಿ ಮಾತ್ರ ಸಿಗುತ್ತದೆ. ನಿರ್ಣಯಗಳ ಪಠ್ಯ ‘ಆಡ್.1’ ಎಂದು ಶುರುವಾಗುವ ಪುರವಣಿಗಳಲ್ಲಿರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ವಿದ್ಯಾರ್ಥಿಗಳು ಕರಡನ್ನೇ ಅಂತಿಮ ಪಾಠ ಎಂದು ಉದ್ಧರಿಸುತ್ತಾರೆ. ಪಠ್ಯದಲ್ಲಿ ಚೌಕ ಆವರಣ ಕಂಡರೆ ಅದು ಇನ್ನೂ ಒಪ್ಪಿಗೆಯಾಗದ ಮಾತು, ಉದ್ಧರಿಸುವಂತಿಲ್ಲ.

ನಿರ್ಣಯದೊಳಗಿನ ಕ್ರಿಯಾಪದಗಳಿಗೂ ಮೆಟ್ಟಿಲುಗಳಿವೆ. ‘ನಿರ್ಧರಿಸುತ್ತದೆ’ ಮೇಲಿನ ಮೆಟ್ಟಿಲು, ಆಮೇಲೆ ‘ಕೋರುತ್ತದೆ’, ‘ಒತ್ತಾಯಿಸುತ್ತದೆ’, ‘ಕರೆ ನೀಡುತ್ತದೆ’, ‘ಆಹ್ವಾನಿಸುತ್ತದೆ’, ತಳದಲ್ಲಿ ‘ಗಮನಿಸುತ್ತದೆ’. 2009ರ ಕೋಪನ್‌ಹೇಗನ್ ದಾಖಲೆಯನ್ನು ಸಮ್ಮೇಳನ ಅಂಗೀಕರಿಸಲಿಲ್ಲ, ‘ಗಮನಿಸಿತು’ ಅಷ್ಟೇ. 2023ರಲ್ಲಿ ದುಬೈಯಲ್ಲಿ ಇಂಧನ ವ್ಯವಸ್ಥೆಗಳಲ್ಲಿ ಪಳೆಯುಳಿಕೆ ಇಂಧನದಿಂದ ದೂರ ಸರಿಯುವ ಮಾತು ಬಂತು. ಅದು ಇರುವುದು 1/ಸಿಎಂಎ.5ರ 28ನೇ ಪ್ಯಾರಾದಲ್ಲಿ, ದೇಶಗಳಿಗೆ ‘ಕರೆ ನೀಡುವ’ ವಾಕ್ಯದೊಳಗೆ. ‘ಪಳೆಯುಳಿಕೆ ಇಂಧನ ಕೈಬಿಡಲು ಜಗತ್ತು ಒಪ್ಪಂದ’ ಎಂಬ ತಲೆಬರಹ ಅದಕ್ಕೆ ಹೊಂದುವುದಿಲ್ಲ. ಹಾಗೆಂದು ನಿರ್ಣಯಗಳೆಲ್ಲ ಬರೀ ಹಾರೈಕೆಯೂ ಅಲ್ಲ. ಒಡಂಬಡಿಕೆಯ ಅರ್ಥದ ಬಗ್ಗೆ ಸದಸ್ಯರೆಲ್ಲ ಆಮೇಲೆ ಒಮ್ಮತಕ್ಕೆ ಬಂದರೆ ಅದನ್ನು ವ್ಯಾಖ್ಯಾನಕ್ಕೆ ಬಳಸಬೇಕೆಂದು ಒಡಂಬಡಿಕೆಗಳ ಕಾನೂನಿನ ಕುರಿತ 1969ರ ವಿಯೆನ್ನಾ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಪ್ಯಾರಿಸ್ ಒಪ್ಪಂದದಲ್ಲಿ ‘2 ಡಿಗ್ರಿಗಿಂತ ಸಾಕಷ್ಟು ಕೆಳಗೆ’ ಮತ್ತು ‘1.5ಕ್ಕೆ ಯತ್ನ’ ಎರಡೂ ಇದ್ದರೂ 1.5 ಡಿಗ್ರಿಯೇ ಮುಖ್ಯ ಗುರಿ ಎಂದು ಹೇಗ್‌ನ ನ್ಯಾಯಾಲಯ ತೀರ್ಮಾನಿಸಿದ್ದು ಗ್ಲಾಸ್ಗೊ ಮತ್ತು ದುಬೈ ನಿರ್ಣಯಗಳನ್ನು ಹೀಗೆ ಓದಿಯೇ. ಭಾರತ ವಿಯೆನ್ನಾ ಒಡಂಬಡಿಕೆಯ ಸದಸ್ಯ ಅಲ್ಲ, ಆದರೆ ಅದರ ವ್ಯಾಖ್ಯಾನ ನಿಯಮಗಳು ರೂಢಿಗತ ಕಾನೂನೇ ಆದ್ದರಿಂದ ನಮಗೂ ಅನ್ವಯ. ಈ ಎರಡು ಮಾತನ್ನು ಬಿಡಿಸಿ ಬರೆದ ಉತ್ತರ ಅಪರೂಪ.

ಹಣಕಾಸಿಗೂ ಇದೇ ಲೆಕ್ಕ. ಮುಂದುವರಿದ ದೇಶಗಳು ಹಣಕಾಸಿನ ನೆರವು ಒದಗಿಸತಕ್ಕದ್ದು ಎಂದು ಪ್ಯಾರಿಸ್ ಒಪ್ಪಂದದ 9ನೇ ವಿಧಿಯ 1ನೇ ಖಂಡ ಹೇಳುತ್ತದೆ, ಅಲ್ಲಿ ಮೊತ್ತವಿಲ್ಲ. ವರ್ಷಕ್ಕೆ 10,000 ಕೋಟಿ ಡಾಲರ್, ಬಾಕು ಸಮ್ಮೇಳನದಲ್ಲಿ 2024ರಲ್ಲಿ ಬಂದ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್, ಈ ಮೊತ್ತಗಳೆಲ್ಲ ಇರುವುದು ನಿರ್ಣಯಗಳಲ್ಲಿ. ಯಾವ ದೇಶ ಎಷ್ಟು ಎಂಬ ಪಾಲು ಅಲ್ಲೂ ಇಲ್ಲ. ಬಾಕುವಿನಲ್ಲಿ ಸುತ್ತಿಗೆ ಬಿದ್ದ ಮೇಲೆ ಭಾರತ ಎದ್ದು, ಮೊತ್ತ ಸಾಲದೆಂದು ಆಕ್ಷೇಪಿಸಿತು. ಆ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಇನ್ನು ನಮ್ಮದೇ ದೇಶದ ಎನ್‌ಡಿಸಿ. 2022ರ ಆಗಸ್ಟಿನಲ್ಲಿ ಭಾರತ ಪರಿಷ್ಕರಿಸಿ ಕೊಟ್ಟದ್ದರಲ್ಲಿ 2030ಕ್ಕೆ ಎರಡು ಮುಖ್ಯ ಅಂಕಿಗಳಿವೆ. ಎರಡನ್ನೂ ತಪ್ಪಾಗಿ ಬರೆಯುವುದು ವಾಡಿಕೆಯಾಗಿದೆ. ಮೊದಲನೆಯದು 45. ‘ಭಾರತ ಹೊರಸೂಸುವಿಕೆಯನ್ನು ಶೇ 45ರಷ್ಟು ಕಡಿತ ಮಾಡಲಿದೆ’ ಎಂಬುದು ಸರಿಯಲ್ಲ. ಕಡಿತವಾಗುವುದು ತೀವ್ರತೆ, ಅಂದರೆ ಜಿಡಿಪಿಯ ಒಂದೊಂದು ರೂಪಾಯಿಗೆ ಎಷ್ಟು ಅನಿಲ ಎಂಬ ಪ್ರಮಾಣ, 2005ಕ್ಕೆ ಹೋಲಿಸಿ. ಲೆಕ್ಕ ಹಾಕಿ ನೋಡಿ. 2005ರಲ್ಲಿ ಜಿಡಿಪಿ 100, ಹೊರಸೂಸುವಿಕೆ 100 ಎಂದಿಟ್ಟುಕೊಳ್ಳಿ. ತೀವ್ರತೆ 1. ಅದು ಶೇ 45 ಇಳಿದರೆ 0.55. ಆ ಹೊತ್ತಿಗೆ ಜಿಡಿಪಿ 400 ಆಗಿದ್ದರೆ ಹೊರಸೂಸುವಿಕೆ 220. ಗುರಿ ಪೂರ್ತಿ ಮುಟ್ಟಿದೆ, ಒಟ್ಟು ಅನಿಲ ಎರಡು ಪಟ್ಟು ದಾಟಿದೆ. ಇದರಲ್ಲಿ ಮೋಸವೇನೂ ಇಲ್ಲ. ಬೆಳೆಯಬೇಕಾದ ದೇಶಕ್ಕೆ ಒಪ್ಪಂದ ಕೊಟ್ಟ ಅವಕಾಶವೇ ಇದು. ಆದರೆ ಓದುಗರಿಗೆ ಹೇಳುವಾಗ ಸರಿಯಾಗಿ ಹೇಳಬೇಕು.

ಎರಡನೆಯದು 50. ಅದು ವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯದಲ್ಲಿ ಪಳೆಯುಳಿಕೆಯೇತರ ಮೂಲಗಳ ಶೇಕಡಾ ಪಾಲು, ಉತ್ಪಾದನೆಯಾಗುವ ಯೂನಿಟ್‌ಗಳದ್ದಲ್ಲ. ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್, ರಾಯಚೂರು ಶಾಖೋತ್ಪನ್ನ ಸ್ಥಾವರದ್ದು 1,720 ಮೆಗಾವಾಟ್. ಕಾಗದದ ಮೇಲೆ ಪಾವಗಡ ದೊಡ್ಡದು. ಆದರೆ ಸೂರ್ಯ ಮುಳುಗಿದ ಮೇಲೆ ಪಾವಗಡದ ಫಲಕಗಳು ಸುಮ್ಮನಿರುತ್ತವೆ, ಕಲ್ಲಿದ್ದಲು ಇರುವಷ್ಟು ಹೊತ್ತೂ ರಾಯಚೂರಿನ ಘಟಕಗಳು ಓಡಬಲ್ಲವು. ದೇಶದ ಸಾಮರ್ಥ್ಯದಲ್ಲಿ ಅರ್ಧ ಪಾಲಿನ ಗುರಿಯನ್ನು ಭಾರತ 2025ರಲ್ಲೇ, ಐದು ವರ್ಷ ಮೊದಲೇ ಮುಟ್ಟಿತು. ಅದೇ ಹೊತ್ತಿಗೆ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲಿನದೇ ಇತ್ತು. ಎರಡೂ ಮಾತು ನಿಜ. ಆ 50ರ ಪಕ್ಕದಲ್ಲಿ ತಂತ್ರಜ್ಞಾನ ವರ್ಗಾವಣೆ ಮತ್ತು ಕಡಿಮೆ ಬಡ್ಡಿಯ ಅಂತರರಾಷ್ಟ್ರೀಯ ಹಣಕಾಸಿನ ಷರತ್ತು ಇದೆ ಎಂಬುದನ್ನೂ ಬರೆಯುವವರು ಬಿಟ್ಟುಬಿಡುತ್ತಾರೆ. 2016ರ ಅಕ್ಟೋಬರ್ 2ರಂದು ಒಪ್ಪಂದ ದೃಢೀಕರಿಸುವಾಗಲೂ ಭಾರತ ಬಡತನ ನಿವಾರಣೆ, ಸ್ವಚ್ಛ ತಂತ್ರಜ್ಞಾನ, ಹಣಕಾಸಿನ ಲಭ್ಯತೆಯ ಬಗ್ಗೆ ತನ್ನ ತಿಳಿವಳಿಕೆಯನ್ನು ಘೋಷಣೆಯಾಗಿ ದಾಖಲಿಸಿದೆ. ಒಪ್ಪಂದದ 27ನೇ ವಿಧಿ ‘ರಿಸರ್ವೇಶನ್’ಗೆ, ಅಂದರೆ ಇಂಥ ಭಾಗ ತನಗೆ ಅನ್ವಯಿಸದು ಎಂದು ದೇಶವೊಂದು ಹಾಕುವ ಷರತ್ತಿಗೆ, ಅವಕಾಶ ಕೊಡುವುದಿಲ್ಲ. ಆದ್ದರಿಂದ ಆ ಘೋಷಣೆಗೆ ವ್ಯಾಖ್ಯಾನದ ತೂಕವಿದೆ, ಹೊಣೆಯಿಂದ ಬಿಡುಗಡೆ ಕೊಡುವ ತೂಕವಿಲ್ಲ.

ದೇಶ ತಪ್ಪಿದರೆ ಕೇಳುವವರು ಯಾರು? 15ನೇ ವಿಧಿಯ ಪಾಲನಾ ಸಮಿತಿಯಲ್ಲಿ 12 ಜನ. ಅದು ಶಿಕ್ಷೆ ಕೊಡುವಂತಿಲ್ಲ. ಎನ್‌ಡಿಸಿ ಕೊಟ್ಟಿಲ್ಲ, ಕಡ್ಡಾಯ ವರದಿ ಕೊಟ್ಟಿಲ್ಲ ಎಂಬಂಥ ಸಂದರ್ಭದಲ್ಲಿ ತಾನಾಗಿಯೇ ವಿಚಾರಿಸಬಲ್ಲದು, ಕೊಟ್ಟದ್ದು ಸಾಲದು ಎಂದು ಹೇಳುವ ಅಧಿಕಾರವಿಲ್ಲ. 2035ರ ಎನ್‌ಡಿಸಿಗೆ 2025ರ ಫೆಬ್ರುವರಿ 10ರ ಗಡುವಿತ್ತು, ಬಹುಪಾಲು ದೇಶಗಳು ತಪ್ಪಿಸಿದವು. ಹೇಗ್‌ಗೆ ದಾವೆ ಒಯ್ಯಬೇಕಾದರೆ ಎದುರು ದೇಶದ ಒಪ್ಪಿಗೆ ಬೇಕು. 2019ರಲ್ಲಿ ಭಾರತ ಕೊಟ್ಟಿರುವ ಒಪ್ಪಿಗೆಯ ಘೋಷಣೆಯಲ್ಲಿ ಕಾಮನ್‌ವೆಲ್ತ್ ದೇಶಗಳೊಡನೆಯ ವ್ಯಾಜ್ಯಗಳನ್ನು ಹೊರಗಿಟ್ಟಿದೆ. ವನುವಾಟು, ತುವಾಲು, ಫಿಜಿ ಎಲ್ಲವೂ ಕಾಮನ್‌ವೆಲ್ತ್‌ನವೇ.

ಹಾಗಾಗಿ ನಿಜವಾದ ಕದನ ನಡೆಯುತ್ತಿರುವುದು ದೇಶದೇಶಗಳ ಒಳಗಿನ ನ್ಯಾಯಾಲಯಗಳಲ್ಲಿ. ನೆದರ್‌ಲೆಂಡ್ಸ್‌ನ ಸುಪ್ರೀಂ ಕೋರ್ಟ್ 2019ರ ಡಿಸೆಂಬರ್ 20ರಂದು ಉರ್ಗೆಂಡ ಎಂಬ ಪರಿಸರ ಸಂಸ್ಥೆಯ ಪ್ರಕರಣದಲ್ಲಿ, 2020ರ ಅಂತ್ಯಕ್ಕೆ ಹೊರಸೂಸುವಿಕೆ 1990ಕ್ಕಿಂತ ಕನಿಷ್ಠ ಶೇ 25ರಷ್ಟು ಇಳಿದಿರಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ಅದು ಆದೇಶ, ಅಲ್ಲಿ ಆ ಪದ ಸರಿ. ನಮ್ಮ ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರ ಎಂ.ಕೆ. ರಂಜಿತ್‌ಸಿಂಹ ತೀರ್ಪಿನಲ್ಲಿ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳ ವಿರುದ್ಧದ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿತು. ಆದರೆ ಆ ಪ್ರಕರಣ ಇದ್ದದ್ದು ರಾಜಸ್ಥಾನ, ಗುಜರಾತಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳ ಬಗ್ಗೆ. ಸೋಲಾರ್ ವಿದ್ಯುತ್ ಸಾಗಿಸುವ ತಂತಿಗಳಿಗೆ ಡಿಕ್ಕಿಯಾಗಿ ಅವು ಸಾಯುತ್ತಿದ್ದವು. ಸುಮಾರು 99,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಮೇಲ್ತಂತಿಗಳನ್ನು ನಿರ್ಬಂಧಿಸಿದ್ದ 2021ರ ಆದೇಶವನ್ನು ನ್ಯಾಯಾಲಯ ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಪ್ಯಾರಿಸ್ ಒಪ್ಪಂದದ ಬದ್ಧತೆಯೂ ಒಂದು. ‘ಹವಾಮಾನ ಹಕ್ಕು ಸಿಕ್ಕಿತು’ ಎಂದಷ್ಟೇ ಬರೆದರೆ, ಆ ಹಕ್ಕು ಮೊದಲ ಬಾರಿ ಬಳಕೆಯಾದದ್ದು ಹಕ್ಕಿಯ ರಕ್ಷಣೆಯ ಆದೇಶವನ್ನು ಸಡಿಲಿಸುವಾಗ ಎಂಬ ಸಂಗತಿ ಮರೆಯಾಗುತ್ತದೆ.

ಆಮದಾಗುವ ಸರಕು ತಯಾರಿಸುವಾಗ ಹೊರಬಿದ್ದ ಇಂಗಾಲಕ್ಕೆ ಯುರೋಪ್ ಒಕ್ಕೂಟ ವಿಧಿಸುವ ಗಡಿ ಕಾರ್ಬನ್ ಶುಲ್ಕವನ್ನೂ ಸೇರಿಸದೆ ಕರ್ನಾಟಕದ ಓದುಗರಿಗೆ ಈ ಪಾಠ ಪೂರ್ಣವಾಗದು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಜಲಜನಕ, ವಿದ್ಯುತ್ ಅದರ ವ್ಯಾಪ್ತಿಯಲ್ಲಿವೆ. 2023ರ ಅಕ್ಟೋಬರ್ 1ರಿಂದ ವರದಿ ಕೊಡುವುದಷ್ಟೇ ಇತ್ತು, 2026ರ ಜನವರಿ 1ರಿಂದ ಹಣದ ಹೊಣೆ ಶುರು. ತೋರಣಗಲ್ಲಿನ ಉಕ್ಕು ಯುರೋಪಿಗೆ ಹೋದರೆ ಟನ್ನಿಗೆ ಎಷ್ಟು ಇಂಗಾಲ ಎಂಬ ಲೆಕ್ಕವೂ ಜೊತೆಗೆ ಹೋಗಬೇಕು. ಚೌಕಟ್ಟು ಒಡಂಬಡಿಕೆಯ 3ನೇ ವಿಧಿಯ 5ನೇ ಖಂಡ, ಹವಾಮಾನದ ಹೆಸರಿನ ಕ್ರಮಗಳು ವ್ಯಾಪಾರಕ್ಕೆ ಮರೆಮಾಚಿದ ಅಡ್ಡಿಯಾಗಬಾರದು ಎನ್ನುತ್ತದೆ. ಅಲ್ಲಿನ ಕ್ರಿಯಾಪದ ‘ಶುಡ್’. ಹೆಚ್ಚುಕಮ್ಮಿ ಅದೇ ಮಾತು ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ 20ನೇ ವಿಧಿಯಲ್ಲಿ ಬಲವಾಗಿದೆ. ಆದರೆ ವಿಶ್ವ ವ್ಯಾಪಾರ ಸಂಘಟನೆಯ ಮೇಲ್ಮನವಿ ಮಂಡಳಿ 2019ರ ಡಿಸೆಂಬರಿನಿಂದ ಸದಸ್ಯರ ಕೊರತೆಯಿಂದ ಸ್ತಬ್ಧವಾಗಿದೆ. ವಾದ ಇದೆ, ಕೊನೆಯವರೆಗೆ ಕೇಳುವ ಪೀಠ ಇಲ್ಲ.

ತಮ್ಮಲ್ಲಿ ಎರಡು ವಿನಂತಿ. ಒಂದು, ಸುದ್ದಿಮನೆಯಲ್ಲಿ ಒಂದು ಪುಟದ ಪದಪಟ್ಟಿ ಮಾಡಿಸಿ: ಸಲಹಾ ಅಭಿಪ್ರಾಯ, ತೀರ್ಪು, ಒಡಂಬಡಿಕೆ, ನಿರ್ಣಯ, ಘೋಷಣೆ, ಸಹಿ, ದೃಢೀಕರಣ ಒಂದೊಂದಕ್ಕೂ ಒಂದೊಂದೇ ಪದ, ‘ತಕ್ಕದ್ದು’, ‘ಉಚಿತ’, ‘ಬಹುದು’ ಪ್ರತ್ಯೇಕ. ಎರಡು, ಹೇಗ್‌ನ ಅಭಿಪ್ರಾಯದ ಕೊನೆಯ ಪ್ಯಾರಾ, ಅಂದರೆ ನ್ಯಾಯಾಲಯದ ಉತ್ತರಗಳಿರುವ 457ನೇ ಪ್ಯಾರಾ, ಕೆಲವೇ ಪುಟಗಳದ್ದು. ಭಾನುವಾರದ ಪುರವಣಿಯಲ್ಲಿ ಅದರ ಕನ್ನಡ ಅನುವಾದ ಹಾಕಿ. ಕನ್ನಡದಲ್ಲಿ ಕಾನೂನು ಪರೀಕ್ಷೆ ಬರೆಯುವ ವಿದ್ಯಾರ್ಥಿಗಳು ಅದನ್ನು ಕತ್ತರಿಸಿಟ್ಟುಕೊಳ್ಳುತ್ತಾರೆ. ಅನುವಾದಿಸುವಾಗ ‘ಶಲ್’ ಮತ್ತು ‘ಶುಡ್’ ಬಗ್ಗೆ ಅನುಮಾನ ಬಂದರೆ ಅಭಿಪ್ರಾಯದ ಫ್ರೆಂಚ್ ಪಾಠವೂ ನ್ಯಾಯಾಲಯದ ಜಾಲತಾಣದಲ್ಲಿ ಸಿಗುತ್ತದೆ.

ಇಂತಿ,
ಅಂತರರಾಷ್ಟ್ರೀಯ ಕಾನೂನು ಬೋಧಿಸುವ ಓದುಗ, ಧಾರವಾಡ